ಅರ್ಧ ಕಟಿಂಗ್

ನಮ್ಮ ಮನೆಯಲ್ಲಿ ಕಟಿಂಗ್ ಅಂದರೆ ಭಾನುವಾರದ ಕೆಲಸ. ಹಿತ್ತಲ ಬೇವಿನ ಮರದ ಕೆಳಗೆ ಗೋಣಿಚೀಲ ಹಾಸಿ ನನ್ನನ್ನು ಕೂರಿಸಿ, ಹಳೇ ಸೀರೆಯ ತುಂಡೊಂದನ್ನು ಕೊರಳಿಗೆ ಸುತ್ತಿ, ಅವ್ವ ಕುಪ್ಪಸ ಹೊಲಿಯುವ ಕತ್ತರಿಯಲ್ಲೇ ತಲೆಗೂದಲು ಕತ್ತರಿಸುತ್ತಿದ್ದಳು. ಬಲಗಡೆ ಗಿಡ್ಡವಾಯಿತೆಂದು ಎಡಗಡೆ ತೆಗೆಯುವಳು, ಎಡಗಡೆ ಜಾಸ್ತಿ ಹೋಯಿತೆಂದು ಮತ್ತೆ ಬಲಗಡೆಗೆ ಬರುವಳು. ಮುಗಿಯುವ ಹೊತ್ತಿಗೆ ನನ್ನ ತಲೆ ಮೆಟ್ಟಿಲು ಮೆಟ್ಟಿಲಾಗಿರುತ್ತಿತ್ತು. ಗೋಡೆಗೆ ಒರಗಿ ಎಲೆಅಡಿಕೆ ಜಗಿಯುತ್ತ ಕೂತ ಅಜ್ಜಿ, ಅಪ್ಪನ ತಾಯಿ, ಪ್ರತಿ ಸಲವೂ ತೀರ್ಪು ಕೊಡುವಳು.

“ಎಮ್ಮೆ ಬಿದ್ದು ಮೇಯ್ದ ಹೊಲ ಆಗೈತೆ ನೋಡೇ.”

“ಹಂಗಾರೆ ನೀನೇ ಬಾರತ್ತೆ, ಕತ್ತರಿ ಹಿಡಿ.”

“ನನ್ ಕಣ್ಣು ನೆಟ್ಟಗಿದ್ದಿದ್ರೆ ನಿನ್ ತಂಕ ಯಾಕೆ ಬಿಡ್ತಿದ್ದೆ?”

ನಮ್ಮದು ಜಗಳೂರು ಸೀಮೆಯ ಒಂದು ಹಳ್ಳಿ. ಊರ ಪಡುವಲಿಗೆ ನಮ್ಮ ಕೇರಿ, ಮಾದಿಗರ ನಲವತ್ತು ಮನೆ. ನಮ್ಮ ಮನೆಗೆ ಇದ್ದದ್ದು ಒಂದು ನಡುಮನೆ, ಒಂದು ಅಡುಗೆಮನೆ. ಒಲೆಯ ಹೊಗೆಗೆ ಹೆಂಚಿನ ಒಳಮೈ ಕಪ್ಪಾಗಿತ್ತು. ನಡುಮನೆಯ ಗೂಡಿನಲ್ಲಿ ಅಪ್ಪನ ಒಂದು ಬಿಳಿ ಅಂಗಿ ಮಡಿಚಿಟ್ಟಿರುತ್ತಿತ್ತು. ಚೊಂಬಿಗೆ ಕುದಿಯುವ ನೀರು ಹುಯ್ದು, ಅದರ ತಳದಿಂದ ಉಜ್ಜಿ ಅಪ್ಪನೇ ಅದಕ್ಕೆ ಇಸ್ತ್ರಿ ಮಾಡುತ್ತಿದ್ದ. ಒಂದೂವರೆ ಎಕರೆ ಹೊಲ, ಉಳಿದ ದಿನ ಕಂಡವರ ಈರುಳ್ಳಿ ಚೀಲ ಹೊರುವ ಕೂಲಿ. ಬೆನ್ನು ಎಷ್ಟೇ ಬಗ್ಗಿದರೂ ಜಗಳೂರಿನ ಸಂತೆಗೆ ಹೊರಟನೆಂದರೆ ಆ ಅಂಗಿ ತೊಟ್ಟು, ಊರ ನಡುವಿನ ಬೀದಿಯಲ್ಲೇ, ಯಾರಿಗೂ ದಾರಿ ಬಿಟ್ಟು ಸರಿಯದೆ ನಡೆಯುತ್ತಿದ್ದ. ಊರ ಮದುವೆ ಮನೆಗಳಲ್ಲಿ ಎಲ್ಲರದೂ ಊಟ ಆದ ಮೇಲೆ ಉಣ್ಣಲು ಕರೆದರೆ ಹೋಗುತ್ತಿರಲಿಲ್ಲ, ನಮ್ಮನ್ನೂ ಬಿಡುತ್ತಿರಲಿಲ್ಲ. ಅಂಥ ದಿನ ಮನೆಯಲ್ಲಿ ಮುದ್ದೆ, ಹುರುಳಿ ಸಾರು ಉಣ್ಣುತ್ತ ನನಗೆ ಊರ ಕಡೆಯಿಂದ ಬರುವ ಪಾಯಸದ ವಾಸನೆಯೇ ಮೂಗಿಗೆ ಬಡಿಯುತ್ತಿತ್ತು. ಆಗ ಅಪ್ಪನ ಮೇಲೆ ಸಿಟ್ಟು ಬರುತ್ತಿತ್ತು, ಸುಳ್ಳು ಯಾಕೆ ಹೇಳಲಿ.

ಊರೊಳಗೆ ಹನುಮಂತಪ್ಪನ ಕಟಿಂಗ್ ಅಂಗಡಿ ಇತ್ತು. ಶಾಲೆಗೆ ಹೋಗುವ ದಾರಿಯಲ್ಲೇ. ಎರಡು ಮೆಟ್ಟಿಲು ಹತ್ತಿದರೆ ಕೈಯಿದ್ದ ಮರದ ಕುರ್ಚಿ, ಎದುರಿಗೆ ಗೋಡೆ ತುಂಬುವಷ್ಟು ಕನ್ನಡಿ. ಅಲ್ಲಿ ಕೂತವರು ತಲೆ ಬಾಗಿಸಿ ಕಣ್ಣು ಮುಚ್ಚಿ ಸುಖ ಪಡುವುದನ್ನು ನಾನು ಎಷ್ಟೋ ಸಲ ನಿಂತು ನೋಡಿದ್ದೆ. ನಾವು ಯಾಕೆ ಅಲ್ಲಿಗೆ ಹೋಗುವುದಿಲ್ಲ ಎಂದು ಒಮ್ಮೆ ಕೇಳಿದಾಗ ಅವ್ವ ಕತ್ತರಿ ನಿಲ್ಲಿಸದೆ ಹೇಳಿದ್ದಳು.

“ಅವನ ಕತ್ತಿ ತುಕ್ಕು ಹಿಡ್ದೈತೆ. ತಲೆ ತುಂಬ ಹುಣ್ಣಾಗ್ತಾವೆ.”

ಗುಡಿಯ ವಿಷಯ ನನಗೆ ಗೊತ್ತಿತ್ತು. ಹೋಟೆಲಿನ ವಿಷಯ ಗೊತ್ತಿತ್ತು. ಅವನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೆ ಕಟಿಂಗ್ ಅಂಗಡಿಯ ವಿಷಯವನ್ನು ಮಾತ್ರ ಕೇರಿಯ ತಾಯಂದಿರೆಲ್ಲ ಸೇರಿ ಹುಣ್ಣಿನ ಕತೆ ಮಾಡಿಟ್ಟಿದ್ದರು. ಒಂದಾದರೂ ಅವಮಾನ ಮಕ್ಕಳಿಗೆ ತಿಳಿಯದಿರಲಿ ಎಂದು ಇದ್ದಿರಬೇಕು. ದೊಡ್ಡ ಗಂಡಸರು ಸಂತೆಗೆ ಹೋದಾಗ, ಯಾರೆಂದು ಕೇಳದ ಕಡೆ ತಲೆ ಕೊಟ್ಟು ಬರುತ್ತಿದ್ದರು. ಅಪ್ಪ ಹಾಗೆ ಕದ್ದು ಕೂರುವವನಲ್ಲ. ಅವನ ತಲೆಯೂ ಅವ್ವನ ಕತ್ತರಿಗೇ.

ನಾನು ಏಳನೇ ಕ್ಲಾಸಿನಲ್ಲಿದ್ದಾಗ ಶಾಲೆಗೆ ಯಾರೋ ಸಾಹೇಬರು ಬರುವುದಿತ್ತು. ಮೇಷ್ಟ್ರು ಶನಿವಾರ ನನ್ನ ಮೆಟ್ಟಿಲು ತಲೆಗೆ ಬೆತ್ತದ ತುದಿ ತಾಗಿಸಿ, “ಸೋಮವಾರ ಬರೋವಾಗ ನೆಟ್ಟಗೆ ಕಟಿಂಗ್ ಮಾಡಿಸ್ಕಂಡು ಬರಬೇಕು” ಅಂದರು. ಹುಡುಗರು ನಕ್ಕರು. ಅಪ್ಪ ಅವ್ವ ಇಬ್ಬರೂ ಈರುಳ್ಳಿ ಕೀಳಲು ಹೋಗಿದ್ದರು. ನಾನು ಕೂಡಿಟ್ಟಿದ್ದ ಚಿಲ್ಲರೆ ತೆಗೆದುಕೊಂಡು, ಹುಣ್ಣಾದರೆ ಆಗಲಿ ಎಂದು ಧೈರ್ಯ ಮಾಡಿ, ಮಟಮಟ ಮಧ್ಯಾಹ್ನದಲ್ಲಿ ಹನುಮಂತಪ್ಪನ ಅಂಗಡಿಯ ಎರಡು ಮೆಟ್ಟಿಲು ಹತ್ತಿದೆ. ಅವನು ಒಬ್ಬನೇ ಕೂತು ಬೀಡಿ ಸೇದುತ್ತಿದ್ದ.

“ಯಾರ ಮಗನಪ್ಪಾ?”

ಅಪ್ಪನ ಹೆಸರು ಹೇಳಿದೆ. ಅವನು ಎದ್ದು ಬಾಗಿಲಿಗೆ ಬಂದು ಬೀದಿಯ ಆ ಕಡೆ ನೋಡಿದ, ಈ ಕಡೆ ನೋಡಿದ. ನಾಯಿ ಕೂಡ ಇರಲಿಲ್ಲ. ಬೀಡಿ ಎಸೆದು, ನನ್ನ ಕೊರಳಿಗೆ ಬಿಳಿ ಬಟ್ಟೆ ಕಟ್ಟಿದ. “ಬಿರ್ರನೆ ಮುಗಿಸಿಬಿಡ್ತೀನಿ, ಅಲ್ಲಾಡಬ್ಯಾಡ” ಅಂದ. ಕನ್ನಡಿಯಲ್ಲಿ ನನ್ನನ್ನು ನಾನು ಸೊಂಟದವರೆಗೂ ನೋಡಿಕೊಂಡದ್ದು ಅದೇ ಮೊದಲು. ಬಲಗಿವಿಯ ಸುತ್ತ ಅವನ ಕೈ ಎಷ್ಟು ಹಗುರವಾಗಿ ಓಡಾಡಿತೆಂದರೆ ನನಗೆ ನಿದ್ದೆ ಬರುವಂತಾಯಿತು. ಬಲಗಡೆ ಮುಗಿದು ಎಡಗಡೆಗೆ ತಿರುಗುವ ಹೊತ್ತಿಗೆ ಮೆಟ್ಟಿಲ ಮೇಲೆ ನೆರಳು ಬಿತ್ತು. ಊರ ದೊಡ್ಡ ಮನೆಯ ಬಸಣ್ಣ, ಗಡ್ಡ ಕೆರೆದುಕೊಳ್ಳುತ್ತ ನಿಂತಿದ್ದ.

“ಏನ್ ಹನುಮಂತಾ, ಯಾರ ತಲೆಲೇ ಅದು?”

ಹನುಮಂತಪ್ಪ ಕತ್ತರಿ ಇಳಿಸಿದ.

“ಕೇರಿ ಹುಡ್ಗ ಅಲ್ವೇನಲೇ ಇದು? ಈರುಳ್ಳಿ ಚೀಲ ಹೊರ್ತಾನಲ್ಲ, ಅವನ ಮಗ. ಭೇಷ್. ಇನ್ಮ್ಯಾಲೆ ನಾವೆಲ್ಲ ಇದೇ ಕುರ್ಚಿ ಮ್ಯಾಲೆ ಕೂರಬೇಕೇನು? ತೊಳಿತೀಯೋ, ಒಲೆಗೆ ಹಾಕ್ತೀಯೋ?”

“ಗೊತ್ತಾಗ್ಲಿಲ್ಲ ಗೌಡ್ರೇ,” ಅಂದ ಹನುಮಂತಪ್ಪ. ಗೊತ್ತಿತ್ತೆಂದು ಅವನಿಗೂ ಗೊತ್ತು, ನನಗೂ ಗೊತ್ತು. ಬಟ್ಟೆ ಬಿಚ್ಚಿದ. “ಇಳಿ ಮಗಾ” ಎಂದು ಪಿಸುಗುಟ್ಟಿದ. ನಾನು ಬೀದಿಗೆ ಇಳಿದು ತಿರುಗಿ ನೋಡಿದಾಗ ಅವನು ಕೊಡದಿಂದ ಕುರ್ಚಿಯ ಮೇಲೆ ನೀರು ಸುರಿಯುತ್ತಿದ್ದ. ಬಸಣ್ಣ ಮೀಸೆಯಡಿ ನಗುತ್ತ ಕುರ್ಚಿ ಆರುವುದನ್ನು ಕಾಯುತ್ತಿದ್ದ.

ಮನೆಯಲ್ಲಿದ್ದ ಅಜ್ಜಿಗೆ ಕಣ್ಣು ಮಂಜು. ನನ್ನ ತಲೆಯನ್ನು ಎರಡೂ ಕೈಯಿಂದ ತಡವಿ, ಒಂದು ಕಡೆ ನುಣ್ಣಗೆ, ಇನ್ನೊಂದು ಕಡೆ ಪೊದೆ ಕೈಗೆ ಸಿಕ್ಕಿ ಮೊದಲು ನಕ್ಕಳು. ನಾನು ಅಳುವುದು ಕೇಳಿದ ಮೇಲೆ ಅವಳ ಕೈ ನಿಂತಿತು. ಸಂಜೆ ಬಂದ ಅವ್ವ ನಡೆದದ್ದು ಕೇಳಿ, ಒಳಗೆ ಹೋಗಿ ಕತ್ತರಿ ತಂದಳು. ಅಷ್ಟರಲ್ಲಿ ಅಪ್ಪ ಬಾಗಿಲಲ್ಲಿ.

“ಮುಟ್ಟಬ್ಯಾಡ.”

ಬಿಳಿ ಅಂಗಿ ತೊಟ್ಟು, ನನ್ನ ಕೈ ಹಿಡಿದು, ಇನ್ನೂ ಬೆಳಕಿರುವಾಗಲೇ ಊರೊಳಗೆ ನಡೆದ. ಹನುಮಂತಪ್ಪನ ಮೆಟ್ಟಿಲು ಹತ್ತಲಿಲ್ಲ. ಕೆಳಗೇ ನಿಂತು ಎಲ್ಲರಿಗೂ ಕೇಳುವಂತೆ ಹೇಳಿದ.

“ಹನುಮಂತಣ್ಣ, ಅರ್ಧ ಆಗೈತೆ. ಉಳಿದರ್ಧ ಮುಗಿಸಿಕೊಡು.”

“ಕೈ ಮುಗಿತೀನಿ ಕಣಪ್ಪ. ಈ ಊರಾಗೆ ನಮ್ದು ಒಂದೇ ಮನೆ. ನಾಳೆ ಯಾರೂ ಬರದೆ ಹೋದ್ರೆ ನನ್ ಮಕ್ಕಳು ಏನ್ ತಿನ್ಬೇಕು?”

“ನಿಂದು ಒಂದು ಮನೆ, ನಮ್ದು ನಲ್ವತ್ತು. ನಲ್ವತ್ತು ಮನೆ ತಲೆ ನಿಂಗೆ ತಲೆ ಅಲ್ಲ ಅಂದ್ರೆ, ಆತು ಬಿಡು. ಇವನ ತಲೆ ಹಿಂಗೇ ಇರ್ತೈತೆ. ನಮ್ ಮನ್ಯಾಗೆ ಯಾರೂ ಮುಟ್ಟಲ್ಲ. ದಿನಾ ನಿನ್ ಅಂಗಡಿ ಮುಂದೇ ಇಸ್ಕೂಲಿಗೆ ಹೋಗ್ತಾನೆ. ನೋಡ್ತಾ ಇರು.”

ಹೀಗೆ ನನ್ನ ಒಂಬತ್ತು ದಿನ ಶುರುವಾದವು. ಅಪ್ಪ ಕೇರಿಯ ಕಟ್ಟೆಯ ಮೇಲೆ ಕೂತು, ಈಗ ನೋಡ್ರಿ, ಹನುಮಂತಣ್ಣ ಎಷ್ಟು ದಿನ ತಡೀತಾನೆ ನೋಡೋಣ ಎನ್ನುತ್ತಿದ್ದ. ತಡೆಯಬೇಕಾಗಿದ್ದು ನಾನು. ಶಾಲೆಯ ಹುಡುಗರು ನನಗೆ ಹಾಫ್ ಟಿಕೆಟ್ ಎಂದು ಹೆಸರಿಟ್ಟರು. “ಏ ಹಾಫ್ ಟಿಕೆಟ್, ಇನ್ನರ್ಧ ಯಾವ ಬಸ್ಸಿಗೆ ಬರ್ತೈತಲೇ?” ಮೇಷ್ಟ್ರು ಮೊದಲ ದಿನ ಬೆತ್ತ ಎತ್ತಿದವರು, ನಡೆದದ್ದು ಕಿವಿಗೆ ಬಿದ್ದ ಮೇಲೆ ಬೆತ್ತ ಇಳಿಸಿ, ಸಾಹೇಬರು ಬರುವ ದಿನ ಮನೆಯಲ್ಲೇ ಇರು ಅಂದರು. ತಲೆಗೆ ಟವೆಲು ಕಟ್ಟಿಕೊಂಡು ಹೋಗುತ್ತೇನೆಂದರೆ ಅಪ್ಪ ಬಿಡಲಿಲ್ಲ. ಹನುಮಂತಪ್ಪನ ಅಂಗಡಿಯ ಮುಂದೆ ನಾನು ಓಡುತ್ತಿದ್ದೆ. ಅವನು ನನ್ನನ್ನು ಕಂಡ ಕೂಡಲೇ ಒಳಕ್ಕೆ ಸರಿಯುತ್ತಿದ್ದ. ಬಾಗಿಲಲ್ಲಿ ಕೂತ ಗಿರಾಕಿಗಳು ಮಾತ್ರ ಕತ್ತು ಉದ್ದ ಮಾಡಿ ನೋಡುತ್ತಿದ್ದರು.

ಅವ್ವ ಅಪ್ಪನ ತಾಟಿಗೆ ಮುದ್ದೆ ಇಕ್ಕಿ ಉಣ್ಣು ಎನ್ನದೆ ಬೆನ್ನು ತಿರುಗಿಸಿ ಕೂರುತ್ತಿದ್ದಳು. ಐದನೇ ದಿನ ಬಾಯಿ ಬಿಟ್ಟಳು.

“ಜಗಳ ಊರಿಂದು, ತಲೆ ನನ್ ಮಗಂದು. ಹಠ ಮಾಡಾಕೆ ನಿನಗೆ ನಿನ್ ತಲೆ ಇಲ್ವೇನು?”

“ನನ್ ತಲೇನ ಯಾರೂ ಅರ್ಧಕ್ಕೆ ಬಿಟ್ಟಿಲ್ಲ. ಬಿಟ್ಟಿದ್ರೆ ಸಾಯೋ ತಂಕ ಹಂಗೇ ಇಟ್ಕಂಡಿರ್ತಿದ್ದೆ.”

“ಇಟ್ಕಂಡಿರ್ತಿದ್ದೆ, ನಿಂಗೇನು. ಆ ಕೂಸು ರಾತ್ರಿ ಉಚ್ಚೆ ಹುಯ್ಕಂತಾ ಐತೆ, ಗೊತ್ತಾ ನಿಂಗೆ?”

ಅಪ್ಪ ಮುದ್ದೆಯ ಮೇಲೆ ಕೈ ಇಟ್ಟುಕೊಂಡು ಹಾಗೇ ಕೂತ. ಅವನಿಗೆ ಗೊತ್ತಿರಲಿಲ್ಲ. ಆದರೂ ಬಿಡಲಿಲ್ಲ. ಅಜ್ಜಿ ಮಲಗುವಾಗ ನನ್ನನ್ನು ಎದೆಗೆ ಎಳೆದುಕೊಂಡು, ಉದ್ದ ಕೂದಲಿನ ಕಡೆಯನ್ನೇ ನೇವರಿಸುತ್ತ, ನಿಮ್ಮಪ್ಪಂಗೆ ಬುದ್ಧಿ ಇಲ್ಲ ಕಣೋ, ರೋಷ ಒಂದೇ ಐತೆ ಎನ್ನುತ್ತಿದ್ದಳು. ಕೇರಿಯ ಜನರೂ ಎರಡಾದರು. ಕೆಲವರು ಅಪ್ಪನ ಬೆನ್ನು ತಟ್ಟಿದರು. ಕೆಲವರು, ಇದರಿಂದ ಕೂಲಿಗೆ ಕರೆಯೋದನ್ನೂ ಬಿಡ್ತಾರೆ ಎಂದು ಬೈದರು. ನನ್ನನ್ನು ಕೇಳಿದವರು ಯಾರೂ ಇಲ್ಲ.

ಒಂಬತ್ತನೇ ದಿನ ಶಾಲೆಯಿಂದ ಬಂದಾಗ ಮನೆಯಲ್ಲಿ ಯಾರೂ ಇರಲಿಲ್ಲ. ಅಜ್ಜಿ ಪಕ್ಕದ ಮನೆಯಲ್ಲಿದ್ದಳು. ಗೂಡಿನಲ್ಲಿದ್ದ ಅಪ್ಪನ ಬ್ಲೇಡು, ಸೋಪಿನ ಚೂರು, ಗೋಡೆಯ ಕನ್ನಡಿ ತುಂಡು ತೆಗೆದುಕೊಂಡು ಬಚ್ಚಲ ಕಲ್ಲಿನ ಮೇಲೆ ಕೂತೆ. ಮೊದಲು ಅವ್ವನ ಕತ್ತರಿಯಿಂದ ಉದ್ದದ್ದನ್ನು ತೆಗೆದೆ. ಆಮೇಲೆ ತಲೆ ನೆನೆಸಿ, ನೊರೆ ಮಾಡಿ, ಎಡಗೈಯಿಂದ ಚರ್ಮ ಎಳೆದು ಹಿಡಿದು, ಬಲಗೈಯಿಂದ ಬ್ಲೇಡು ಜಾರಿಸಿದೆ. ಹಿಂಭಾಗ ಕಾಣದು, ಬೆರಳಿನಿಂದಲೇ ನೋಡಿಕೊಂಡು ತೆಗೆದೆ. ಒಂಬತ್ತು ದಿನದಲ್ಲಿ ಮೊದಲ ಸಲ ಉಸಿರು ಸರಾಗವಾಗಿ ಆಡಿತು. ಪೂರ್ತಿ ಬೋಳಾದ ಮೇಲೆ ಎದ್ದು ನಿಂತು ಗಾಳಿಗೆ ತಲೆ ಒಡ್ಡಿದೆ. ಇನ್ನು ಯಾರೂ ನಗುವಂತಿಲ್ಲ ಎನ್ನುವುದೊಂದೇ ನನಗಿದ್ದದ್ದು. ಅಪ್ಪನ ನೆನಪು ಬಂದದ್ದು ಅವನ ಚಪ್ಪಲಿಯ ಸದ್ದು ಕೇಳಿದಾಗ.

ಅಪ್ಪ ಹೊಡೆಯಲಿಲ್ಲ. ನನ್ನ ತಲೆ ನೋಡಿದ, ಕಾಲು ತೊಳೆದ, ಅವ್ವನಿಗೆ ಉಣ್ಣಾಕೆ ಇಕ್ಕು ಅಂದ. ಕಟ್ಟೆಗೆ ಹೋಗಲಿಲ್ಲ. ಮುಖ ಗೋಡೆಗೆ ಮಾಡಿ ಬೇಗ ಮಲಗಿದ.

ಮರುದಿನ ಮುಂಜಾನೆ, ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸುವ ಹೊತ್ತಿನಲ್ಲಿ, ನಮ್ಮ ಬಾಗಿಲ ಮುಂದೆ ಹನುಮಂತಪ್ಪ ನಿಂತಿದ್ದ. ಕಂಕುಳಲ್ಲಿ ಕತ್ತರಿ ಪೆಟ್ಟಿಗೆ. ಅವನು ನಮ್ಮ ಕೇರಿಗೆ ಕಾಲಿಟ್ಟದ್ದನ್ನು ಅದುವರೆಗೆ ಯಾರೂ ಎಂದೂ ಕಂಡಿರಲಿಲ್ಲ.

“ಒಂಬತ್ತು ದಿನ ಆತು ಕಣಪ್ಪ, ಉಂಡನ್ನ ಮೈಗೆ ಹತ್ತಿಲ್ಲ,” ಅಂದ. “ಅಂಗಡಿಯಾಗೆ ಆಗಲ್ಲ, ನನ್ ಕೈಲಿ ಆಗಲ್ಲ. ಇಲ್ಲೇ ನಿನ್ ಅಂಗಳದಾಗೆ ಮುಗಿಸ್ತೀನಿ. ನೋಡಿದ್ರೆ ನೋಡ್ಲಿ. ಹುಡ್ಗನ್ನ ಕರಿ.”

ಸುತ್ತಲ ಮನೆಗಳ ಬಾಗಿಲಲ್ಲಿ ಜನ ನಿಂತಿದ್ದರು. ನೀರಿನ ಕೊಡ ಹಿಡಿದವರು ಹಿಡಿದ ಹಾಗೇ. ನಾನು ಬಾಗಿಲ ಹಿಂದಿನಿಂದ ಬಂದೆ. ಹನುಮಂತಪ್ಪ ನನ್ನ ಬೋಳು ತಲೆ ನೋಡಿ ಪೆಟ್ಟಿಗೆ ಕೆಳಗಿಟ್ಟ. ಆಮೇಲೆ, ಕಸುಬಿನವನು, ತಡೆಯಲಾರದೆ ನನ್ನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ಆ ಕಡೆ ಈ ಕಡೆ ತಿರುಗಿಸಿದ.

“ಯಾರು ಮಾಡಿದ್ದು?”

“ನಾನೇ.”

“ಹಿಂದ್ಲದೂ?”

“ಹೂಂ.”

“ಒಂದ್ ಗಾಯ ಇಲ್ಲಲ್ಲೋ. ನನ್ ಮಕ್ಕಳಿಗೆ ಎರಡು ವರ್ಷದಿಂದ ಹೇಳಿಕೊಟ್ರೂ ಕೈ ಹಿಂಗೆ ಕುದುರಿಲ್ಲ.”

“ಕೆಲಸ ಮುಗಿದೈತಲ್ಲ ಹನುಮಂತಣ್ಣ,” ಅಂದ ಅಪ್ಪ. “ನೀನಿನ್ನು ಹೋಗು.”

ಅವನು ಪೆಟ್ಟಿಗೆ ಎತ್ತಿಕೊಂಡು ಹೋದ. ಮತ್ತೆ ಬರಲಿಲ್ಲ. ಅವನ ಕಾಲದಲ್ಲಿ ಆ ಪೆಟ್ಟಿಗೆ ನಮ್ಮ ಕೇರಿಯಲ್ಲಿ ತೆರೆಯಲೇ ಇಲ್ಲ. ಕೇರಿಯವರು ಯಾರೂ ನನ್ನನ್ನು ಬೈಯಲಿಲ್ಲ, ಆದರೆ ನಾನು ಹಾದುಹೋಗುವಾಗ ಮಾತು ನಿಲ್ಲಿಸುತ್ತಿದ್ದರು. ಒಂದು ದಿನ, ಒಂದೇ ಒಂದು ದಿನ ನಾನು ತಡೆದಿದ್ದರೆ ಅಂದು ನಮ್ಮ ಅಂಗಳದಲ್ಲಿ ಒಂದು ತಲೆ ಮುಗಿದು, ಅದರ ಹಿಂದೆ ಇನ್ನೊಂದು ತಲೆ ಕೂರುತ್ತಿತ್ತೋ ಏನೋ. ಅಂಗಳದಲ್ಲಿ ಮಾಡುವುದನ್ನು ಅಪ್ಪ ಒಪ್ಪುತ್ತಿದ್ದನೋ ಇಲ್ಲವೋ, ಅದೂ ಗೊತ್ತಿಲ್ಲ. ಕೇಳುವ ಧೈರ್ಯ ನನಗೆ ಬರಲೇ ಇಲ್ಲ. ಆ ಮುಂಜಾನೆ ನನ್ನೊಳಗೆ ಎರಡು ಉಳಿದವು. ಅಪ್ಪನ ಗೆಲುವನ್ನು ನಾನು ಬಚ್ಚಲಲ್ಲಿ ತೊಳೆದು ಹಾಕಿದೆ ಎಂಬ ಸಂಕಟ ಒಂದು. ನನ್ನ ಕೈ ಒಳ್ಳೆಯ ಕೈ ಎಂದು, ನನ್ನನ್ನು ಕುರ್ಚಿಯಿಂದ ಇಳಿಸಿದವನ ಬಾಯಿಂದಲೇ ಬಂದ ಮಾತು ಇನ್ನೊಂದು. ಆ ಮಾತು ಬೇಡವೆಂದರೂ ಒಳಗೆ ಬೇರು ಬಿಟ್ಟಿತು.

ಎಂಟನೇ ಕ್ಲಾಸಿಗೆ ಪುಸ್ತಕ ಮುಚ್ಚಿ, ಕಟಿಂಗ್ ಕಲಿಯಲು ಹೋಗುತ್ತೇನೆ ಅಂದೆ. ಅಪ್ಪನಿಗೆ ನಾನು ಓದಬೇಕೆಂದಿತ್ತು.

“ನಮ್ ತಲೆ ಮುಟ್ಟದವರ ಕಸುಬು ನಿನಗ್ಯಾಕೋ?”

“ಅವರೆಲ್ಲ ನನ್ ಮುಂದೆ ತಲೆ ಬಗ್ಗಿಸಿ ಕೂರಬೇಕು, ಅದಕ್ಕೆ.”

ಅಪ್ಪ ಹೋಗು ಎನ್ನಲಿಲ್ಲ, ಬೇಡ ಎನ್ನಲಿಲ್ಲ. ಹೊನ್ನಾಳಿಯ ಒಂದು ಕಟಿಂಗ್ ಅಂಗಡಿಗೆ ಸೇರಿದೆ. ಮಾಲೀಕ ಮೊದಲ ದಿನವೇ “ಯಾವ ಪೈಕಿನಪ್ಪಾ?” ಅಂದ. ಬಾಯಿಗೆ ಬಂದ ಒಂದು ಜಾತಿ ಹೇಳಿದೆ. ಅದನ್ನೇ ಹೊದ್ದುಕೊಂಡು ಆರು ವರ್ಷ ಕೂದಲು ಗುಡಿಸಿದೆ, ನೊರೆ ಮಾಡಿದೆ, ಕತ್ತಿ ಮಸೆದೆ, ಕೈ ಕೂರಿಸಿಕೊಂಡೆ. ಊಟಕ್ಕಲ್ಲದೆ ಕೂತವನಲ್ಲ. ಆಮೇಲೆ ನದಿಗೆ ಹೋಗುವ ದಾರಿಯಲ್ಲಿ ಎರಡು ಕುರ್ಚಿಯ ನನ್ನದೇ ಅಂಗಡಿಯಾಯಿತು. ಸುತ್ತಲ ಹಳ್ಳಿಗಳ ದೊಡ್ಡವರೆಲ್ಲ ನನ್ನ ಕುರ್ಚಿಯಲ್ಲಿ ಕಣ್ಣು ಮುಚ್ಚಿ ತಲೆ ಬಗ್ಗಿಸಿದರು. ಪ್ರತಿ ತಲೆಯನ್ನೂ ಅಪ್ಪನಿಗೆ ತೋರಿಸಬೇಕು ಅನ್ನಿಸುತ್ತಿತ್ತು.

ಒಂದು ಭಾನುವಾರ ಅಪ್ಪನೇ ಬಂದ. ಹೇಳಿರಲಿಲ್ಲ. ಇಸ್ತ್ರಿ ಮಾಡಿದ ಅಂಗಿ, ಕೈಯಲ್ಲಿ ಹುರಿದ ಶೇಂಗಾದ ಚೀಲ. ಅಂಗಡಿ ತುಂಬ ಜನ. ಒಳಗೆ ಬಂದು, ಕುರ್ಚಿಗಳನ್ನು ನೋಡಿ, ಬೆಂಚಿನ ತುದಿಗೆ ಕೂತ. ನನ್ನ ಕೈಯಲ್ಲಿದ್ದ ಗಡ್ಡ ಒಬ್ಬ ದೊಡ್ಡ ಜಮೀನುದಾರನದು, ವಾರ ತಪ್ಪದ ಗಿರಾಕಿ. ಅವನು ಕನ್ನಡಿಯಲ್ಲೇ ಅಪ್ಪನನ್ನು ನೋಡಿ, ನೊರೆಯೊಳಗಿಂದ ಕೇಳಿದ.

“ಯಾರಪ್ಪ ಆ ಯಜಮಾನ? ಮೂಗು ನಿಂದೇ ಇದ್ದಂಗೈತೆ. ನಿಮ್ಮಪ್ಪನಾ?”

ಹೌದೆಂದರೆ ಅವನ ಮುಂದಿನ ಪ್ರಶ್ನೆ ಅಪ್ಪನಿಗೆ. ಯಾವ ಊರು, ಯಾವ ಪೈಕಿ. ಅಪ್ಪ ಅದಕ್ಕೆ ಒಂದು ದಿನವೂ ಸುಳ್ಳು ಹೇಳಿದವನಲ್ಲ.

“ಇಲ್ರಿ, ಗಿರಾಕಿ,” ಅಂದೆ.

ಕನ್ನಡಿಯಲ್ಲಿ ಅಪ್ಪನ ಕಣ್ಣು ನನ್ನ ಕಣ್ಣಿಗೆ ಸಿಕ್ಕಿತು. ಅವನು ನಿಧಾನವಾಗಿ ಎದ್ದ.

“ಗದ್ಲ ಐತಲ್ರಿ ಇವತ್ತು,” ಅಂದ ನನಗೆ. “ಇನ್ನೊಂದಿನ ಬರ್ತೀನಿ ಬಿಡ್ರಿ.”

ನನ್ನ ಅಪ್ಪ ನನಗೆ ಬಹುವಚನ ಹಚ್ಚಿ ಮಾತಾಡಿದ. ಊರೆಲ್ಲ ಸೇರಿ ಬಗ್ಗಿಸಲಾಗದವನು, ನನ್ನ ಸುಳ್ಳು ನಿಲ್ಲಲಿ ಎಂದು ಗಿರಾಕಿಯಾಗಿ ಮೆಟ್ಟಿಲು ಇಳಿದುಹೋದ. ನಾನು ಹಿಂದೆ ಓಡಬೇಕಿತ್ತು. ಓಡಲಿಲ್ಲ. ಆ ಗಡ್ಡ ಮುಗಿಸಿದೆ, ಒರೆಸಿದೆ, ಪೌಡರು ಹಚ್ಚಿದೆ. ಬಸ್ ಸ್ಟ್ಯಾಂಡಿಗೆ ಹೋದಾಗ ದಾವಣಗೆರೆ ಬಸ್ಸು ಹೊರಟುಹೋಗಿತ್ತು.

ಮಂಗಳವಾರ ಅಂಗಡಿಗೆ ರಜ, ಊರಿಗೆ ಹೋದೆ. ಅಪ್ಪ ಉಣ್ಣುತ್ತಿದ್ದ. ಅವ್ವ ನನ್ನ ಮುಖ ನೋಡಿ ಅರಳಿದಳು.

“ನಿಮ್ಮಪ್ಪ ಅಂಗಡಿ ನೋಡ್ಕಂಡು ಬಂದನಲ್ಲೋ. ಕೇರಿ ತುಂಬ ಅದೇ ಮಾತು. ನನ್ ಮಗನ ಕುರ್ಚಿ ಒಂದ್ ಗಳಿಗೆ ಖಾಲಿ ಇರಲ್ಲ, ಅಂಥಿಂಥೋರೆಲ್ಲ ಸಾಲು ಕೂತಿರ್ತಾರೆ, ನಂಗೇ ಕೂರಾಕೆ ಜಾಗ ಇರ್ಲಿಲ್ಲ ಅಂತ ಎಲ್ಲರ ಮುಂದೆ ಹೇಳಿದ್ದೇ ಹೇಳಿದ್ದು.”

ಅಪ್ಪ ತಾಟಿನಿಂದ ತಲೆ ಎತ್ತಲಿಲ್ಲ. “ಅವನಿಗೂ ಇಕ್ಕು,” ಅಂದ. ಅವ್ವ ಇಕ್ಕಿದಳು. ಹೇಳಬೇಕಾದ್ದನ್ನು ಅವ್ವನ ಮುಂದೆ ಹೇಳಲಾಗಲಿಲ್ಲ, ಅಪ್ಪ ನನ್ನೊಡನೆ ಒಬ್ಬನೇ ಇರುವಂತೆ ಆಗಗೊಡಲಿಲ್ಲ.

ಮುಂದಿನ ಭಾನುವಾರ ಅದೇ ಜಮೀನುದಾರ ಬಂದು ಕುರ್ಚಿಯ ಕೈ ಹಿಡಿದ. ಬಟ್ಟೆ ಕಟ್ಟುವ ಮೊದಲೇ ಅವನಿಗೆ ಹೇಳಿದೆ.

“ಹೋದ ವಾರ ಆ ಬೆಂಚಿನ ಮ್ಯಾಲೆ ಕೂತಿದ್ದೋರು ನಮ್ಮಪ್ಪ ಕಣ್ರಿ. ನಾವು ಜಗಳೂರು ಸೀಮೆ ಮಾದಿಗರು. ಕೂರೋದಾದ್ರೆ ಕೂರ್ರಿ.”

ಅವನು ಕುರ್ಚಿಯ ಕೈ ಬಿಟ್ಟು ಹೊರಟ. ಅವನ ಹಿಂದೆ ಇಬ್ಬರು ಹೋದರು. ಒಬ್ಬ ಮುದುಕ ಉಳಿದ, ನನಗೆ ಕಟಿಂಗ್ ಆದ್ರೆ ಸಾಕಪ್ಪ ಅಂದ. ಅವತ್ತಿನಿಂದ ಕುರ್ಚಿ ತುಂಬಲು ಬಹಳ ದಿನ ಹಿಡಿಯಿತು, ಆದರೂ ತುಂಬಿತು. ಯಾರು ಕೇಳಿದರೂ ಅದೇ ಉತ್ತರ ಕೊಟ್ಟೆ, ಇಂದಿಗೂ ಕೊಡುತ್ತೇನೆ. ಗಟ್ಟಿಯಾಗಿಯೇ ಹೇಳುತ್ತೇನೆ. ಹೊನ್ನಾಳಿಗೆ ಬಾ ಎಂದು ಅಪ್ಪನನ್ನು ಕರೆದಾಗಲೆಲ್ಲ, ಬರ್ತೀನಿ ಬಿಡೋ, ಗದ್ಲ ಕಡಿಮೆ ಆಗ್ಲಿ ಎನ್ನುತ್ತಿದ್ದ. ಹಾಗೆನ್ನುತ್ತಲೇ ತೀರಿಕೊಂಡ. ನನ್ನ ಆ ಉತ್ತರವನ್ನು ಕೇಳಬೇಕಾಗಿದ್ದವನು ನನ್ನ ಬೆಂಚಿನ ಮೇಲೆ ಕೂತದ್ದು ಒಂದೇ ಸಲ. ಅವತ್ತು ನಾನು ಅದನ್ನು ಹೇಳಲಿಲ್ಲ.